ಅತ್ತೆಯ ಸ್ಪ್ರೇ ಮಶೀನು ನಾನು ರಿಪೇರಿ ಮಾಡಿದ್ದು

ನಾನು ಕಲಬುರಗಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಪೆಟ್ರೋಲ್ ಎಂಜಿನ್ ಹೇಗೆ ಓಡುತ್ತದೆ ಎಂಬುದನ್ನು ಹತ್ತೊಂಬತ್ತು ವರ್ಷಗಳಿಂದ ಬೋರ್ಡಿನ ಮೇಲೆ ಓಡಿಸಿ ತೋರಿಸುತ್ತಿದ್ದೇನೆ. ಸಿಲಿಂಡರು, ಪಿಸ್ಟನ್ನು, ಪ್ಲಗ್ಗು, ಎಲ್ಲವನ್ನೂ ಕಣ್ಣು ಮುಚ್ಚಿ ಬಿಡಿಸಬಲ್ಲೆ. ನಿಜವಾದ ಎಂಜಿನ್ನಿಗೆ ಮಾತ್ರ ಕೈ ಹಚ್ಚಿದವನಲ್ಲ.

ಈ ಕೊರತೆಯನ್ನು ನೀಗಿಸಲು ಕುಸನೂರಿನ ಒಂದು ವರ್ಕ್‌ಶಾಪಿನಲ್ಲಿ ಸಣ್ಣ ಎಂಜಿನ್ ರಿಪೇರಿಯ ತರಗತಿಗೆ ಸೇರಿದೆ. ಒಟ್ಟು ನಾಲ್ಕು ಭಾನುವಾರ. ನಾಲ್ಕೂ ಭಾನುವಾರ ಒಂದೇ ಜನರೇಟರನ್ನು ಬಿಚ್ಚಿದೆವು, ಅದನ್ನೇ ಜೋಡಿಸಿದೆವು. ಕಲಿಸುವವರು ಒಂದು ಮಾತನ್ನು ಮತ್ತೆ ಮತ್ತೆ ಹೇಳಿದರು: ಹಳೆಯ ಪೆಟ್ರೋಲೇ ಎಲ್ಲ ರೋಗಕ್ಕೂ ಮೂಲ, ಮೊದಲು ಅದನ್ನು ಚೆಲ್ಲಿ. ನಾನು ನೋಟ್‌ಬುಕ್ಕಿನಲ್ಲಿ ಬರೆದು ಎರಡು ಗೆರೆ ಎಳೆದುಕೊಂಡೆ.

ದೀಪಾವಳಿ ರಜೆಗೆ ಹೆಂಡತಿ ಶಶಿಕಲಾಳ ತವರು ಕಮಲಾಪುರಕ್ಕೆ ಹೋದಾಗ ನನ್ನ ಚೀಲದಲ್ಲಿ ಬಟ್ಟೆಗಿಂತ ನಟ್ಟು ಬಿಚ್ಚುವ ಪಾನಾಗಳೇ ಹೆಚ್ಚಿದ್ದವು. ಅಲ್ಲಿ ಅತ್ತೆ ಗುರಮ್ಮನವರದು ನಾಲ್ಕು ಎಕರೆ ತೊಗರಿ. ಮಾವನವರು ಹೋದ ಮೇಲೆ ಹೊಲ ಅವರೇ ನೋಡಿಕೊಳ್ಳುತ್ತಾರೆ. ತೊಗರಿ ಹೂವಿಗೆ ಬಂದಿತ್ತು, ಹೂವಿಗೆ ಹುಳ ಬಿದ್ದಿತ್ತು. ಅತ್ತೆ ಅಂಗಳದಲ್ಲಿ, ಬೆನ್ನಿಗೆ ಹಾಕಿಕೊಳ್ಳುವ ಪೆಟ್ರೋಲ್ ಸ್ಪ್ರೇ ಮಶೀನಿನ ಹಗ್ಗ ಜಗ್ಗುತ್ತಾ ನಿಂತಿದ್ದರು.

"ನಿನ್ನಿತನ ಛಲೋ ಇತ್ತು ನೋಡ್ರಿ, ಇವತ್ತ ಚಾಲೂ ಆಗವಲ್ದು. ಜಗ್ಗಿ ಜಗ್ಗಿ ರಟ್ಟಿ ಬಿದ್ದಾವ. ಬಸ್‌ ಸ್ಟ್ಯಾಂಡಿನ ಮೆಹಬೂಬನ ಕಡಿ ಒಯ್ತೀನಿ."

"ಮೆಹಬೂಬ ಯಾಕ್ರಿ ಅತ್ತಿ, ನಾ ಇಲ್ಲೇನು?" ಎಂದೆ.

ಶಶಿಕಲಾ ಬ್ಯಾಗು ಇನ್ನೂ ಕೆಳಗಿಟ್ಟಿರಲಿಲ್ಲ. "ನೀವು ಮುಟ್ಟಬ್ಯಾಡ್ರಿ. ಅವ್ವ ಇವತ್ತ ಎಣ್ಣಿ ಹೊಡಿಯೋದದ. ಹುಳ ನಿಮ್ಮ ಪಾಠ ಮುಗಿಯೋತನ ಕಾಯಂಗಿಲ್ಲ." ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣಿ ಎನ್ನುತ್ತಾರೆ.

ಅತ್ತೆ ನನ್ನ ಮುಖ ನೋಡಿದರು. ಅಳಿಯನಿಗೆ ಇಲ್ಲ ಎನ್ನುವ ಧೈರ್ಯ ಅವರಿಗೆ ಈ ಹದಿನೈದು ವರ್ಷಗಳಲ್ಲಿ ಬಂದಿರಲಿಲ್ಲ. "ಆಯ್ತು, ನೋಡ್ರಿ" ಎಂದು ರೊಟ್ಟಿ ಬಡಿಯಲು ಒಳಗೆ ಹೋದರು.

ನಾನು ಟಾಕಿಯ ಮುಚ್ಚಳ ತೆಗೆದೆ. ಒಳಗಿನ ಪೆಟ್ರೋಲು ಹಸಿರು ಹಸಿರಾಗಿತ್ತು, ಬೆರಳಿಗೆ ಜಿಡ್ಡು ಹತ್ತಿತು. ಶುದ್ಧ ಪೆಟ್ರೋಲಿಗೆ ಈ ಜಿಡ್ಡೆಲ್ಲಿಂದ ಬರಬೇಕು? ಯಾವನೋ ಕಲಬೆರಕೆ ಮಾಡಿ ಮಾರಿದ್ದಾನೆ. ರೋಗ ಸಿಕ್ಕಿತು! ಅದನ್ನೆಲ್ಲ ಹಳೆಯ ಡಬ್ಬಿಗೆ ಚೆಲ್ಲಿ, ನನ್ನ ಬೈಕಿನಿಂದ ತೆಗೆದ ಸ್ವಚ್ಛ ಪೆಟ್ರೋಲು ತುಂಬಿದೆ.

ಎಂಜಿನ್ ಆಯಿಲ್ ಹಾಕುವ ತೂತನ್ನೂ ಹುಡುಕಿದೆ. ಕುಸನೂರಿನ ಜನರೇಟರಿಗೆ ಇತ್ತು, ಇದಕ್ಕೆ ಇರಲಿಲ್ಲ. ತಯಾರಿಸಿದವರು ಮರೆತಿರಬೇಕೆಂದು ಅವರನ್ನು ಕ್ಷಮಿಸಿ ಮುಂದುವರಿದೆ.

ಮುಂದಿನದು ಪ್ಲಗ್ಗು. ಅದನ್ನು ಬಿಚ್ಚಿ, ವೈರಿನ ರಬ್ಬರ್ ಟೊಪ್ಪಿಗೆಗೆ ಸಿಕ್ಕಿಸಿ, ಕಿಡಿ ಬರುತ್ತದೋ ಇಲ್ಲವೋ ನೋಡಬೇಕು. ಹಗ್ಗ ಜಗ್ಗಲು ಶಶಿಕಲಾಳನ್ನು ಕರೆದೆ. ಹಿಡಿಯಬೇಕಾದದ್ದು ರಬ್ಬರನ್ನು. ನಾನು ಹಿಡಿದದ್ದು ಲೋಹವನ್ನು.

ಅವಳು ಜಗ್ಗಿದಳು. ಮೊಣಕೈತನಕ ಯಾರೋ ಒನಕೆಯಿಂದ ಹೊಡೆದಂತಾಯಿತು. ಕಣ್ಣು ಬಿಟ್ಟಾಗ ನಾನು ತುಳಸಿಕಟ್ಟೆಯ ಪಕ್ಕದಲ್ಲಿ ಕೂತಿದ್ದೆ.

"ಕಿಡಿ ಬಂತೇನ್ರಿ?" ಅವಳು ಕೇಳಿದಳು.

"ಬಂತು" ಎಂದೆ.

ಎಲ್ಲವನ್ನೂ ಮತ್ತೆ ಜೋಡಿಸಿದೆ. ಎರಡು ಸ್ಕ್ರೂ ಉಳಿದವು, ಜೇಬಿಗೆ ಹಾಕಿಕೊಂಡೆ. ಹಗ್ಗ ಜಗ್ಗಿದೆ. ಇಪ್ಪತ್ತು ಸಲ ಜಗ್ಗಿದೆ. ಮಶೀನು ಉಸಿರೂ ಬಿಡಲಿಲ್ಲ. ಅಷ್ಟರಲ್ಲಿ ಶಶಿಕಲಾ ಬಗ್ಗಿ, ಟಾಕಿಯ ಕೆಳಗಿನ ಒಂದು ಸಣ್ಣ ಕಡ್ಡಿಯನ್ನು ತೋರಿಸಿದಳು. "ಇದೇನ್ರಿ? ನಮ್ಮ ಗ್ಯಾಸ್ ಸಿಲಿಂಡರಿನ ನಾಬ್ ಇದ್ದಂಗ ಅದ." ಹೀಗೆಂದು ತಿರುಗಿಸಿದಳು.

ಅದು ಪೆಟ್ರೋಲಿನ ನಲ್ಲಿ. ನಿನ್ನೆ ಸಂಜೆ ಅತ್ತೆ ಬಂದ್ ಮಾಡಿ ಮರೆತಿದ್ದರು. ಮಶೀನಿಗೆ ಇದ್ದ ರೋಗ ಅದೊಂದೇ.

ಮುಂದಿನ ಜಗ್ಗಿಗೇ ಮಶೀನು ಗರ್ಜಿಸಿತು. ಅತ್ತೆ ಹಿಟ್ಟಿನ ಕೈಯಲ್ಲೇ ಓಡಿ ಬಂದು, "ಅಯ್ಯ, ಅಳ್ಯಾರು ಮಾಡೇಬಿಟ್ರಲ್ಲ" ಎಂದರು. ನಲ್ಲಿಯ ಸುದ್ದಿಯನ್ನು ನಾನು ಎತ್ತಲಿಲ್ಲ. ಶಶಿಕಲಾ ನನ್ನನ್ನೊಮ್ಮೆ ನೋಡಿ, ಬ್ಯಾಗು ಎತ್ತಿಕೊಂಡು ಒಳಗೆ ಹೋದಳು.

ಹೊಗಳಿಕೆಯ ಉತ್ಸಾಹದಲ್ಲಿ, ಎಣ್ಣಿ ನಾನೇ ಹೊಡೆಯುತ್ತೇನೆಂದು ಮಶೀನು ಬೆನ್ನಿಗೇರಿಸಿ ಹೊಲಕ್ಕೆ ಇಳಿದೆ. ಮೂರು ಸಾಲು ಸೊಗಸಾಗಿ ಆಯಿತು. ನಾಲ್ಕನೆಯ ಸಾಲಿನ ನಡುವೆ ಮಶೀನಿನ ದನಿ ಸಣ್ಣಗಾಯಿತು, ಮತ್ತೂ ಸಣ್ಣಗಾಯಿತು, ಕೊನೆಗೆ ಕಿರ್ ಎಂದು ಕಿರುಚಿ ನಿಂತುಬಿಟ್ಟಿತು. ಬೆನ್ನು ಕಾದ ಹಂಚಿನಂತೆ ಸುಡುತ್ತಿತ್ತು. ಹಗ್ಗ ಜಗ್ಗಿದರೆ ಗೋಡೆ ಜಗ್ಗಿದಂತಿತ್ತು.

ಕೊನೆಗೆ ಮೆಹಬೂಬನ ಅಂಗಡಿಗೇ ಒಯ್ದೆವು. ಆತ ಹಗ್ಗವನ್ನು ಒಮ್ಮೆ ಮುಟ್ಟಿ ನೋಡಿದ.

"ಎಣ್ಣಿ ಹಾಕಿದ್ರೇನ್ರಿ ಸರ?"

"ಹಾಕೀನಲ್ಲ, ಪೂರಾ ಟಾಕಿ. ಮೂರು ಸಾಲು ಹೊಡದೂ ಬಿಟ್ಟೀನಿ."

"ಆ ಎಣ್ಣಿ ಅಲ್ರಿ. ಪೆಟ್ರೋಲ್ದಾಗ ಕಲಸೋ ಆಯಿಲ್. ಇದು ಟೂ ಸ್ಟ್ರೋಕ್ ಮಶೀನ್. ಪೆಟ್ರೋಲ್ದಾಗೇ ಆಯಿಲ್ ಕಲಸಬೇಕು, ಇಲ್ಲಂದ್ರ ಪಿಸ್ಟನ್ ಜಾಮ್ ಆಗ್ತದ."

ಬೋರ್ಡಿನ ಮೇಲೆ ನಾನು ಬರೆಯುತ್ತಿದ್ದದ್ದು ಬರೇ ಫೋರ್ ಸ್ಟ್ರೋಕ್. ಟೂ ಸ್ಟ್ರೋಕ್ ಪರೀಕ್ಷೆಗೆ ಬರುವುದಿಲ್ಲವೆಂದು ಹತ್ತೊಂಬತ್ತು ವರ್ಷವೂ ಬಿಟ್ಟಿದ್ದೆ.

"ನಾ ಅಳತಿ ಮಾಡಿ ಕಲಸಿಟ್ಟಿದ್ನಲ್ರಿ, ಹಸರಂದು" ಎಂದರು ಅತ್ತೆ.

"ಅದನ್ನ ಚೆಲ್ಲಿದೆ" ಎಂದೆ.

"ಯಾಕ್ರಿ?"

"ಕಲಬೆರಕಿ ಅಂತ ತಿಳದೆ."

ಮೆಹಬೂಬ ತಲೆ ತಗ್ಗಿಸಿ ಪಾನಾ ಒರೆಸಿದ. ನಗು ಬಂದದ್ದಕ್ಕೋ, ಮರುಕ ಬಂದದ್ದಕ್ಕೋ ತಿಳಿಯಲಿಲ್ಲ. ಹೊಸ ಪಿಸ್ಟನ್ನು ಹೈದರಾಬಾದಿನಿಂದ ಬರಬೇಕು, ನಾಲ್ಕು ದಿನ ಆಗುತ್ತದೆ ಎಂದ.

ಅತ್ತೆ ಬೈಯಲಿಲ್ಲ. ಬೈದಿದ್ದರೆ ಬದುಕುತ್ತಿದ್ದೆ. ಹೂವಿನೊಳಗಿನ ಹುಳ ನಾಲ್ಕು ದಿನದಲ್ಲಿ ನಾಲ್ಕು ಎಕರೆ ಮುಗಿಸುತ್ತದೆಂದು ನನಗೂ ಗೊತ್ತಿತ್ತು. ಅಟ್ಟದ ಮೇಲಿದ್ದ ಮಾವನವರ ಕಾಲದ ಕೈಪಂಪನ್ನು ನಾನೇ ಇಳಿಸಿದೆ.

ಮರುದಿನ ಬೆಳಗಿನಿಂದ ಎರಡು ದಿನ, ಒಂದು ಕೈಯಲ್ಲಿ ಪಂಪು ಒತ್ತುತ್ತಾ ಇನ್ನೊಂದರಲ್ಲಿ ಕೊಳವೆ ಹಿಡಿದು ನಾಲ್ಕೂ ಎಕರೆ ಹೊಡೆದೆ. ಭುಜದ ಚರ್ಮ ಸುಲಿಯಿತು. ತೊಗರಿ ಮಾತ್ರ ಉಳಿಯಿತು.

ಎರಡನೆಯ ದಿನ ಪಕ್ಕದ ಹೊಲದ ಶರಣಪ್ಪ ಬದುವಿನ ಮೇಲೆ ನಿಂತು ಅತ್ತೆಯನ್ನು ಕೇಳಿದ. "ಯಾಕಬೇ ಗುರಮ್ಮ, ಮಶೀನ್ ಎಲ್ಲಿ ಹೋಗ್ಯದ?"

"ರಿಪೇರಿಗಿ ಹೋಗ್ಯದಪಾ" ಎಂದರು ಅತ್ತೆ.

"ಹಂಗಾರ ಇವರ‍್ಯಾರು?"

ಅತ್ತೆ ಸೆರಗಿನಲ್ಲಿ ಮುಖ ಒರೆಸಿಕೊಂಡು, ಬಹಳ ಮರ್ಯಾದೆಯಿಂದ ಹೇಳಿದರು: "ಇವರು ರಿಪೇರಿ ಮಾಡಿದವರು."

ನಾನು ತಲೆ ಎತ್ತದೆ ಪಂಪು ಒತ್ತಿದೆ.