ಎರಡು ಬಿಳಿ ಕಾರು, ನಾಲ್ಕು ಮೆತ್ತನೆ ಟೈರು

ದುಬೈಯಲ್ಲಿ ಚಳಿಗಾಲಕ್ಕೆ ಕಾರು ಸಜ್ಜುಗೊಳಿಸುವುದನ್ನು ನಾನೊಂದು ಶಾಸ್ತ್ರವೆಂದೇ ನಂಬಿದ್ದೆ. ವೈಪರ್ ಬದಲಿಸಿದೆ, ದೀಪಗಳನ್ನು ಒರೆಸಿದೆ, ಟೈರುಗಳಿಗೆ ಮೂವತ್ತೈದರಷ್ಟು ಗಾಳಿ ಹಾಕಿಸಿ ಡೈರಿಯಲ್ಲಿ ಬರೆದಿಟ್ಟೆ. ನೆನಪಿನ ಮೇಲೆ ನಂಬಿಕೆ ಇಲ್ಲದವನು ನಾನು. ಆದರೆ ಆ ಭಾನುವಾರದ ನೆನಪು ಮಾತ್ರ ನಿಚ್ಚಳವಾಗಿದೆ. ಭಯವಾಗುವುದು ಅದಕ್ಕೇ!

ಅಲ್ ಕುಸೈಸ್‌ನ ನಮ್ಮ ಕಟ್ಟಡದಲ್ಲೇ ಇರುವ ಭಟ್ಕಳದ ಬಟ್ಟೆ ವ್ಯಾಪಾರಿ ಇಮ್ತಿಯಾಜ್ ಭಾಯಿಯ ಕುಟುಂಬದೊಂದಿಗೆ ಮರುಭೂಮಿಗೆ ಹೋಗಿದ್ದೆವು. ಅವರದೂ ನಮ್ಮದೂ ಒಂದೇ ಮಾಡೆಲಿನ ಬಿಳಿ ಕಾರು. ಮರಳಿನಲ್ಲಿ ಹೂತುಹೋಗದಿರಲೆಂದು ಎರಡರ ಟೈರುಗಳ ಗಾಳಿಯನ್ನೂ ಹದಿನೆಂಟಕ್ಕೆ ಇಳಿಸಿದೆವು. ರಸ್ತೆಗೆ ಬರುವ ಮುನ್ನ ಮತ್ತೆ ತುಂಬಲೇಬೇಕು. ಸಂಜೆ ಭಾಯಿ ಪಂಪು ಜೋಡಿಸಿಟ್ಟು ನಮಾಜಿಗೆ ಹೋದರು. ಮಬ್ಬುಗತ್ತಲಲ್ಲಿ ನಾನು ಮಂಡಿಯೂರಿ ನಾಲ್ಕೂ ಟೈರಿಗೆ ಮೂವತ್ತೈದು ತುಂಬಿದೆ. ಬಿಸಿ ಪಂಪಿಗೆ ಬೆರಳು ಸುಟ್ಟದ್ದೂ ನೆನಪಿದೆ. ಮನೆಗೆ ಮರಳುವಾಗ ಗಾಳಿ ಕಡಿಮೆಯೆನ್ನುವ ಹಳದಿ ದೀಪ ಆರಲಿಲ್ಲ. ಆರಲು ಸಮಯ ಬೇಕೆಂದು ಘೋಷಿಸಿದೆ.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ನನ್ನ ಹೆಂಡತಿ ಲವೀನಾಗೆ ಅಬುಧಾಬಿಯ ಆಸ್ಪತ್ರೆಯೊಂದರಲ್ಲಿ ನರ್ಸ್ ಕೆಲಸದ ಸಂದರ್ಶನ. ಅವಳಿದ್ದ ಕ್ಲಿನಿಕ್ ತಿಂಗಳ ಕೊನೆಗೆ ಮುಚ್ಚುವುದರಲ್ಲಿತ್ತು; ಈ ಕೆಲಸ ಬೇಕೇ ಬೇಕಿತ್ತು. ಹೆದ್ದಾರಿಯ ತುಂಬ ಮಂಜು. ಹಳದಿ ದೀಪ ಇನ್ನೂ ಉರಿಯುತ್ತಿತ್ತು. ಚಳಿಗೆ ಗಾಳಿ ಕುಗ್ಗುತ್ತದೆ, ಇದು ಭೌತಶಾಸ್ತ್ರ ಎಂದು ಅವಳಿಗೆ ವಿವರಿಸಿದೆ.

“ಭೌತಶಾಸ್ತ್ರ ಇರ್ಲಿ ಮಾರಾಯ್ರೆ, ಕಾರು ದೋಣಿ ಹಾಗೆ ತೂಗ್ತಾ ಉಂಟಲ್ಲ?”

ಮಂಜಿನಲ್ಲಿ ಹಾಗನಿಸುತ್ತದೆ ಎಂದೆ. ಆಗಲೇ ಪಕ್ಕದಲ್ಲಿ ಲಾರಿಯೊಂದು ಗುಡುಗಿತು. ಸ್ವಲ್ಪ ಸರಿಸೋಣವೆಂದರೆ ಕಾರು ನನ್ನ ಮಾತು ಕೇಳದೆ ತನ್ನಿಷ್ಟಕ್ಕೆ ಜಾರಿತು. ಗಾಳಿಯಿಲ್ಲದ ಟೈರು ಕಾದು ಸಿಡಿಯುತ್ತದೆಂದು ನೆನಪಾಯಿತು. ರಬ್ಬರು ಸುಟ್ಟ ವಾಸನೆ ಬಂತು. ನಿಜವಾಗಿ ಬಂತೋ, ನಾನೇ ಕಲ್ಪಿಸಿಕೊಂಡೆನೋ, ಇವತ್ತಿಗೂ ಗೊತ್ತಿಲ್ಲ. ಲವೀನಾ ಜಪಸರ ಹಿಡಿದಳು. ಪ್ರಾರ್ಥನೆ ಕೆಲಸಕ್ಕಾಗಿ ಎಂದುಕೊಂಡೆ. ಅಲ್ಲವಂತೆ.

ಪೆಟ್ರೋಲ್ ಬಂಕಿಗೆ ತೆವಳಿದೆವು. ಗಾಳಿ ನೋಡಿದರೆ ನಾಲ್ಕರಲ್ಲಿ ಒಂದೂ ಇಪ್ಪತ್ತು ದಾಟಿರಲಿಲ್ಲ! ಹಾಗಾದರೆ ನಿನ್ನೆ ತುಂಬಿದ್ದು ಕನಸೇ? ಸ್ಪೀಕರ್ ಹಾಕಿ ಇಮ್ತಿಯಾಜ್ ಭಾಯಿಗೆ ಫೋನ್ ಮಾಡಿದೆ.

“ಭಾಯ್, ನಾನೇ ಮಾಡ್ಬೇಕಿತ್ತು ಫೋನು. ನಮಾಜ್ ಮುಗಿಸಿ ಬಂದು ನೋಡ್ತೇನೆ, ನನ್ನ ನಾಲ್ಕೂ ಟೈರು ಫುಲ್. ನಿಮ್ಮದು ತುಂಬ್ಸಿ ನನ್ನದೂ ತುಂಬ್ಸಿದ್ದೀರಿ. ಎಂಥಾ ಮನಸ್ಸು ನಿಮ್ಮದು!”

ಆ ಹೊಗಳಿಕೆಯನ್ನು ತಿರಸ್ಕರಿಸುವ ಧೈರ್ಯ ನನಗಾಗಲಿಲ್ಲ. ಗಾಳಿ ತುಂಬಿದ ಮೇಲೆ ಲವೀನಾ ಕೈ ಚಾಚಿದಳು.

“ಕೀ ಕೊಡಿ.”

ನಲವತ್ತು ನಿಮಿಷ ತಡವಾಗಿ ತಲುಪಿದೆವು. ಅವಳು ಹೊರಬರುವವರೆಗೂ ಕಾರಿನಲ್ಲೇ ಕ್ಷಮಾಪಣೆಯ ಭಾಷಣ ಅಭ್ಯಾಸ ಮಾಡಿದೆ.

“ತಡ ಯಾಕೆ ಅಂತ ಕೇಳಿದ್ರು, ಇದ್ದದ್ದನ್ನೇ ಹೇಳಿದೆ. ಮದ್ದು ಸರಿ, ಅಳತೆ ಸರಿ, ರೋಗಿ ಮಾತ್ರ ಬೇರೆ, ಹೆಸರು ನೋಡದೆ ಕೊಟ್ರೆ ಹೀಗಾಗ್ತದೆ ಅಂದೆ. ನಗು ನಿಲ್ಲಿಸ್ಲಿಕ್ಕೆ ಅವರಿಗೆ ಸ್ವಲ್ಪ ಹೊತ್ತು ಬೇಕಾಯ್ತು.”

ಕೆಲಸ ಸಿಕ್ಕಿತು. ಈಗ ಅವಳು ಹೊಸ ನರ್ಸುಗಳಿಗೆ ಪಾಠ ಹೇಳುವಾಗ ಈ ಕಥೆಯನ್ನೇ ಬಳಸುತ್ತಾಳೆ. ನನ್ನ ಹೆಸರು ಹೇಳುವುದಿಲ್ಲವೆಂದು ಆಣೆ ಮಾಡಿದ್ದಾಳೆ. ಮೊನ್ನೆ ಆಸ್ಪತ್ರೆಯವರ ಔತಣಕ್ಕೆ ಹೋಗಿದ್ದಾಗ, ಎಂದೂ ಕಾಣದ ನರ್ಸೊಬ್ಬಳು ನನ್ನ ಬಳಿ ಬಂದು, ಕಾರು ಎಲ್ಲಿ ನಿಲ್ಲಿಸಿದ್ದೀರೆಂದು ನೆನಪಿದೆಯೇ ಎಂದು ಬಹಳ ಕಾಳಜಿಯಿಂದ ವಿಚಾರಿಸಿದಳು.

ನೆನಪಿರಲಿಲ್ಲ.