ಡೇಗೆ ಬಂದ ಹೊತ್ತಿಗೆ ಕೈ ಮುಗಿದದ್ದು

ತಪ್ಪು ಮಾಡಿದವನಿಗೆ ನಿದ್ದೆ ಹತ್ತುವುದಿಲ್ಲ ಎನ್ನುತ್ತಾರೆ. ನನಗೆ ಚೆನ್ನಾಗಿಯೇ ಹತ್ತುತ್ತದೆ. ಆದರೆ ಚಳಿಗಾಲದ ಭಾನುವಾರ ನಸುಕಿಗೇ ತಮ್ಮ ಕೊಟ್ರೇಶ ಬಂದು ಕೌದಿ ಎಳೆಯುತ್ತಾನೆ. ಆಗ ಮೊದಲು ತಪ್ಪಿಗೆ ಎಚ್ಚರವಾಗುತ್ತದೆ, ಆಮೇಲೆ ನನಗೆ.

ನಾನು ಹೂವಿನಹಡಗಲಿಯಲ್ಲಿ ಮಲ್ಲಿಗೆ ವ್ಯಾಪಾರ ಮಾಡಿಕೊಂಡಿರುವವನು. ಕೊಟ್ರೇಶ ಹೈಸ್ಕೂಲು ಮೇಷ್ಟ್ರು. ಬೇರೆಯವರ ತಮ್ಮಂದಿರಿಗೆ ಇಸ್ಪೀಟೋ ರಾಜಕೀಯವೋ ಹಿಡಿದರೆ ಇವನಿಗೆ ಹಕ್ಕಿ ಹಿಡಿಯಿತು. ಚಳಿ ಬಿತ್ತೆಂದರೆ ಕೊರಳಲ್ಲಿ ದುರ್ಬೀನು, ಕಂಕುಳಲ್ಲಿ ಚಿತ್ರದ ಪುಸ್ತಕ, ಬೆನ್ನ ಹಿಂದೆ ನಾನು. ತುಂಗಭದ್ರೆಯ ಹಿನ್ನೀರಿನಲ್ಲಿ ಹೆಬ್ಬಾತುಗಳನ್ನು ತೋರಿಸಿ, ಇವು ಹಿಮಾಲಯ ದಾಟಿ ಬಂದಿವೆ ಎನ್ನುತ್ತಾನೆ. ಅಷ್ಟು ದೂರದಿಂದ ಬಂದು ಅವು ಮಾಡುವುದು ನಮ್ಮವರ ಹೊಲ ಮೇಯುವುದನ್ನೇ. ಆದರೂ ಮರ್ಯಾದೆಯಿಂದ ನೋಡುತ್ತೇನೆ.

ಅವನ ಜೀವಮಾನದ ಆಸೆ ಒಂದೇ: ಮೀನು ಡೇಗೆ. ಕಾಲು ಮುಂದೆ ಚಾಚಿ ನೀರಿಗೆ ಧುಮುಕಿ ಮೀನೆತ್ತುವ ಬೇಟೆಹಕ್ಕಿ. ನಮ್ಮ ಹೊಳೆಯಲ್ಲಿ ಅದನ್ನು ತಾನೇ ಮೊದಲು ನೋಡಬೇಕೆಂದು ಮೂರು ಚಳಿಗಾಲ ಜಾಲಿಗಿಡದ ಬುಡದಲ್ಲಿ ಕೂತ. ನಾಲ್ಕನೆಯ ಚಳಿಗಾಲದ ಒಂದು ಬೆಳಗ್ಗೆ, ಹಿಂದಿನ ದಿನದ ಮೆಣಸಿನಕಾಯಿ ಬಜ್ಜಿಯ ದೆಸೆಯಿಂದ, ತಂಬಿಗೆ ಹಿಡಿದು ಅವಸರದಲ್ಲಿ ಎದ್ದ.

"ಅಣ್ಣಾ, ದುರ್ಬೀನು ಹಿಡಿ. ಬಿಳಿ ತಲಿ ಹಕ್ಕಿ ಬಂತಂದ್ರ ಕೂಗು. ರೆಪ್ಪಿ ಬಡೀಬ್ಯಾಡ!"

"ನೀ ಹೋಗಪಾ ಮೊದಲ, ನಿಂದು ನೋಡ್ಕೊ," ಎಂದೆ.

ಅವನು ಮರೆಯಾದ, ಹಕ್ಕಿ ಬಂತು. ಬಿಳಿ ತಲೆ, ಕಂದು ರೆಕ್ಕೆ, ಕಣ್ಣಿನ ಪಕ್ಕ ಎಂಥದೋ ಕಪ್ಪು ಪಟ್ಟಿ. ಗರುಡನ ತಲೆಯೂ ಬಿಳಿಯೇ, ಗರುಡ ಎಂದುಕೊಂಡೆ. ಗರುಡನನ್ನು ಕಂಡರೆ ಗಲ್ಲ ಬಡಿದುಕೊಂಡು, ಕಣ್ಣು ಮುಚ್ಚಿ ಕೈಮುಗಿಯಬೇಕೆಂದು ಅವ್ವ ಕಲಿಸಿದ್ದಳು. ದುರ್ಬೀನು ತೊಡೆಯ ಮೇಲಿಟ್ಟು ಶ್ರದ್ಧೆಯಿಂದ ಮುಗಿದೆ. ಹೆಂಡತಿಯ ಮೊಣಕಾಲು ನೋವಿನ ವಿಚಾರವನ್ನೂ ಹೇಳಿಕೊಂಡೆ. ನಡುವೆ ನೀರು ಧಡಾರೆಂದಿತು. ಕಣ್ಣು ಬಿಟ್ಟಾಗ ದೇವರು ಮೀನು ಹಿಡಿದುಕೊಂಡು ಆಚೆ ದಡಕ್ಕೆ ಹೋಗುತ್ತಿದ್ದರು.

"ಏನರ ಬಂತೇನು?" ಎಂದು ಕೇಳುತ್ತ ತಮ್ಮ ಬಂದ.

ಬಂತೆಂದರೆ ಕಣ್ಣು ಮುಚ್ಚಿದ್ದನ್ನೂ ಹೇಳಬೇಕಾಗುತ್ತಿತ್ತು. "ಏನೂ ಇಲ್ಲ," ಎಂದೆ. ಮನೆಗೆ ಬಂದು ಅವನ ಪುಸ್ತಕ ತೆರೆದರೆ ಅದೇ ತಲೆ, ಅದೇ ಕಪ್ಪು ಪಟ್ಟಿ. ಕೆಳಗೆ ಗರುಡನ ಹೆಸರಿರಲಿಲ್ಲ.

ಇನ್ನೂ ಎರಡು ಚಳಿಗಾಲ ಅವನು ಕೂತ, ನಾನು ಪಕ್ಕದಲ್ಲಿ ಕೂತು ಸುಮ್ಮನಿದ್ದೆ. ಮೊನ್ನೆ ಹೊಸಪೇಟೆಯಿಂದ ಹಕ್ಕಿ ನೋಡುವವರ ಗುಂಪೊಂದು ಬಂದಿತ್ತು. ಕೊಟ್ರೇಶ ಅವರಿಗೆ ಖಂಡಿತವಾಗಿ ಹೇಳಿಬಿಟ್ಟ: "ನಮ್ಮ ಹೊಳಿಗೆ ಡೇಗಿ ಬರಂಗಿಲ್ರಿ. ಆರು ಚಳಿಗಾಲ ಕುಂತೀನಿ. ಬರಂಗಿಲ್ಲ ಅಂದ್ರ ಬರಂಗಿಲ್ಲ." ಅವರು ಅದನ್ನು ಬರೆದುಕೊಂಡರು. ಅವನ ದನಿ ಸಣ್ಣಗಾಗಿತ್ತು. ಅವರು ಹೋದ ಮೇಲೆ ತಡೆಯಲಾರದೆ ಎಲ್ಲ ಹೇಳಿದೆ.

ಬೈಗುಳ ಬರುತ್ತದೆಂದು ತಲೆ ತಗ್ಗಿಸಿ ನಿಂತೆ. ಬಂದದ್ದು ಪ್ರಶ್ನೆ.

"ಮೀನು ಹೆಂಗ ಹಿಡಿದಿತ್ತು?"

"ಮೀನಿನ ಮೂತಿ ಮುಂದ ಮಾಡಿ."

ಡೇಗೆ ಮೀನು ಒಯ್ಯುವುದೇ ಹಾಗಂತೆ. ಅವನ ಮುಖ ಒಮ್ಮೆ ಅರಳಿತು, ಅಷ್ಟೇ ಬೇಗ ಬಾಡಿತು. "ಅಲ್ಲಣ್ಣಾ, ಬರಂಗಿಲ್ಲ ಅಂತ ಅಷ್ಟು ಮಂದಿ ಮುಂದ ಹೇಳೀನಲ್ಲ! ಇನ್ನ ಯಾರ ಮುಂದೂ ಬಾಯಿ ಬಿಡಬ್ಯಾಡ, ನಿನ್ನ ಕಾಲಿಗೆ ಬೀಳ್ತೀನಿ."

ಬಾಯಿ ಬಿಟ್ಟಿಲ್ಲ. ಬರೆಯಬೇಡ ಎಂದು ಅವನು ಹೇಳಿರಲಿಲ್ಲ. ಏಳನೇ ಕ್ಲಾಸಿನಲ್ಲಿ ಎರಡು ಸಲ ನಪಾಸಾಗಿ ಶಾಲೆ ಬಿಟ್ಟ ಅಣ್ಣ ಬರೆಯುತ್ತಾನೆಂದು ಅವನಿಗೆ ಹೊಳೆದಿರಲಿಕ್ಕಿಲ್ಲ. ಅವನು ಇದನ್ನೂ ಓದಿಬಿಡುತ್ತಾನೆಂದು ಇಷ್ಟು ಬರೆದು ಮುಗಿಸುವವರೆಗೆ ನನಗೂ ಹೊಳೆದಿರಲಿಲ್ಲ.