ಬಿ.ಪಿ. ಪಟ್ಟಿಗೆ ಫಿಟ್ಟಿಂಗ್

ಟೈಲರನ ಪ್ರಕಾರ ಈ ಜಗತ್ತಿನಲ್ಲಿ ಪಾಪಗಳು ಎರಡೇ. ಒಂದು ಬಿಗಿ, ಇನ್ನೊಂದು ಸಡಿಲ. ಹೆಂಡತಿ ತಂದಿಟ್ಟ ಬಿ.ಪಿ. ಯಂತ್ರದ ತೋಳುಪಟ್ಟಿ ಎರಡನೇ ಪಾಪಕ್ಕೆ ಸೇರಿತ್ತು. ಅವನ ತೋಳೋ, ಅಳತೆಕೋಲಿಗೆ ಅಂಗಿ ತೊಡಿಸಿದ ಹಾಗೆ. ಪಟ್ಟಿ ಸುತ್ತಿದರೆ ಮೊಣಕೈಗೆ ಜಾರಿ ಬಳೆಯಂತೆ ತೂಗುತ್ತಿತ್ತು. ಆದರೂ ಯಂತ್ರ ವಾರದಿಂದ ದಿನಾ ನೂರ ಇಪ್ಪತ್ತೆಂಟು ತೋರಿಸುತ್ತಿತ್ತು. ಅವನೂ ನಿಶ್ಚಿಂತೆಯಿಂದ ಉಪ್ಪಿನ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದ.

ಅವತ್ತು ಬೆಳಿಗ್ಗೆ ಅವನ ಕೈ ಸುಮ್ಮನಿರಲಿಲ್ಲ. ಟೇಪು ತಂದು ತನ್ನ ತೋಳಿನ ಅಳತೆ ತೆಗೆದ. ಒಳಗಿನ ರಬ್ಬರ್ ಚೀಲವನ್ನು ಸೂಜಿ ತಾಗದಂತೆ ಮಡಚಿ, ಪಟ್ಟಿಯನ್ನು ಎರಡು ಕಡೆ ಹಿಡಿದು ಹೊಲಿದ. ಹಾಕಿಕೊಂಡು ಕನ್ನಡಿ ಮುಂದೆ ತಿರುಗಿದ.

"ನೋಡೇ, ಹೀರೋ ಜಾಕೆಟ್ ಥರ ಕೂತಿದೆ!"

ಗುಂಡಿ ಒತ್ತಿದ. ಯಂತ್ರ ಗುರ್ರೆಂದಿತು. ಪಟ್ಟಿ ಸಾಲ ಕೇಳಲು ಬಂದವನಂತೆ ತೋಳನ್ನು ಅವುಚಿಕೊಂಡು, ಆಮೇಲೆ ಉಸ್ಸೆಂದು ಬಿಟ್ಟಿತು. ನೂರ ಎಪ್ಪತ್ತೆರಡು, ನೂರ ನಾಲ್ಕು.

"ಅಯ್ಯಯ್ಯೋ! ರೀ!" ಎಂದು ಹೆಂಡತಿ ಕೂಗಿದ ಕೂಗಿಗೆ ಎದುರಿನ ಬೇಕರಿಯವನು ಹಿಟ್ಟಿನ ಕೈಯಲ್ಲೇ ಓಡಿಬಂದ. ಪಕ್ಕದ ಗ್ಯಾರೇಜಿನ ಮೆಕ್ಯಾನಿಕ್ ಸ್ಪ್ಯಾನರ್ ಹಿಡಿದು ಬಂದ. ಒಳಗಿನಿಂದ ಹೆಂಡತಿಯ ತಮ್ಮ ಫೋನು ಹಿಡಿದು ಬಂದ. ಈ ಭಾಮೈದ ಇನ್ನೂ ಕೆಲಸ ಹುಡುಕುತ್ತಿದ್ದ. ಕೆಲಸ ಸಿಗುವ ತನಕ ಸಿನಿಮಾ ನೋಡುತ್ತಿದ್ದ.

"ತಡೀರಿ, ಇದಕ್ಕೊಂದು ಆ್ಯಪ್ ಇದೆ." ವಯಸ್ಸು, ಬೀಡಿ, ಬಿ.ಪಿ. ಎಲ್ಲ ಒತ್ತಿದ. ಫೋನು ಕೆಂಪಾಯಿತು. "ಪಾರ್ಶ್ವವಾಯುವಿನ ಅಪಾಯ: ಹೆಚ್ಚು."

"ಹೆಚ್ಚು ಅಂದ್ರೆ ಎಷ್ಟೋ?"

"ಇಂಟರ್ವಲ್ಲೇ ಇಲ್ಲ ಭಾವ. ಡೈರೆಕ್ಟ್ ಕ್ಲೈಮ್ಯಾಕ್ಸು."

ಟೈಲರ್ ತನ್ನ ಬಲಗೈ ನೋಡಿಕೊಂಡ. ಮನೆ ನಡೆಯುತ್ತಿದ್ದದ್ದೇ ಆ ಕೈಯಿಂದ. ಕತ್ತರಿ ಹಿಡಿಯುವ ಕೈ. ಅದು ಬಿದ್ದುಹೋದರೆ? ಸೂಜಿಗೆ ದಾರ ಪೋಣಿಸಿ ನೋಡಿದ. ದಾರ ಸೂಜಿಯ ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು, ಮಧ್ಯಕ್ಕೆ ಮಾತ್ರ ಹೋಗಲಿಲ್ಲ.

"ನಂದೂ ಒಂದ್ಸಲ ನೋಡ್ಬಿಡಣ್ಣ," ಎಂದು ಬೇಕರಿಯವನು ತೋಳು ಚಾಚಿದ. ದಿನಾ ಹಿಟ್ಟು ನಾದಿ ದಿಂಬಿನಂತಾಗಿದ್ದ ತೋಳು. ಇಬ್ಬರು ಸೇರಿ ಎಳೆದು ಪಟ್ಟಿ ಅಂಟಿಸಿದರು. ನೂರ ಎಂಬತ್ತಾರು! ಮೆಕ್ಯಾನಿಕ್ ನಗುತ್ತಾ ಕೂತ, ಅಳುತ್ತಾ ಎದ್ದ. ನೂರ ತೊಂಬತ್ತು! ಹೆಂಡತಿಗೆ ನೂರ ಎಪ್ಪತ್ತು. ಭಾಮೈದ ಕೊನೆಗೆ ಸ್ಟೈಲಾಗಿ ತೋಳು ಮಡಚಿ ಕೂತ. ನೂರ ಅರವತ್ತೆಂಟು ಕಂಡದ್ದೇ ಸ್ಟೈಲು ಇಳಿದುಹೋಯಿತು.

"ಅಕ್ಕಾ... ನಾನಿನ್ನೂ ಮದುವೇನೇ ಆಗಿಲ್ಲ!"

"ಬಾಯ್ಮುಚ್ಚಿ, ಮುಂದೇನು ಅಂತ ನೋಡೋ!"

ಅವನು ಫೋನು ಓದಿದ. "ಮೂರು ಪರೀಕ್ಷೆ ಅಂತೆ. ನಕ್ಕರೆ ಬಾಯಿ ಸೊಟ್ಟ ಆಗಬಾರ್ದು. ಎರಡೂ ಕೈ ಎತ್ತಿದ್ರೆ ಒಂದು ಕೆಳಗೆ ಬೀಳಬಾರ್ದು. ಮಾತು ತೊದಲಬಾರ್ದು. ಎಲ್ಲರೂ ಹಲ್ಲು ಬಿಡಿ, ಕೈ ಎತ್ತಿ, ನಾನು ಹೇಳೋ ಡೈಲಾಗ್ ಹೇಳಿ. ಈ ಕೈ ಕತ್ತರಿ ಹಿಡಿಯೋಕೂ ಸೈ, ಕಾಲರ್ ಹಿಡಿಯೋಕೂ ಸೈ!"

ಐದೂ ಜನ ಹಲ್ಲು ಕಿರಿದು, ಕೈ ಎತ್ತಿ, ಒಟ್ಟಿಗೆ ಅರಚಿದರು. ಸರಿಯಾಗಿ ಆಗಲೇ ಕೋಟು ಒಯ್ಯಲು ಬಂದ ಗಿರಾಕಿಯೊಬ್ಬ ಬಾಗಿಲಲ್ಲಿ ಕಲ್ಲಾದ. ಮೆಲ್ಲಗೆ ತಾನೂ ಕೈ ಎತ್ತಿದ.

"ನನ್ನ ಹತ್ರ ಏನೂ ಇಲ್ಲಪ್ಪ. ಬೇಕಾದ್ರೆ ವಾಚ್ ತಗೊಳ್ಳಿ." ವಾಚು ಬಿಚ್ಚಿ ಹೊಲಿಗೆ ಯಂತ್ರದ ಮೇಲಿಟ್ಟು ಹಿಂದುಹಿಂದಕ್ಕೇ ಓಡಿದ.

ಕ್ಲಿನಿಕ್ಕಿಗೆ ಗ್ಯಾರೇಜಿನ ವ್ಯಾನಿನಲ್ಲಿ ಹೋಗೋಣವೆಂದರೆ ಮೆಕ್ಯಾನಿಕ್ ಒಪ್ಪಲಿಲ್ಲ. "ಸ್ಟೇರಿಂಗ್ ಹಿಡಿದಾಗ್ಲೇ ಕೈ ಬಿದ್ಹೋದ್ರೆ?" ಹಾಗಾಗಿ ಐದೂ ಜನ ಕೈಕೈ ಹಿಡಿದು, ತುಂಬಿದ ಕೊಡ ಹೊತ್ತವರ ಹಾಗೆ ಬೀದಿಯಲ್ಲಿ ನಡೆದರು. ಬೇಕರಿಯವನು ದಾರಿಯುದ್ದಕ್ಕೂ ಅಳುತ್ತಾ, ಕಂಡವರ ಬಳಿಯೆಲ್ಲ ಹಳೇ ತಪ್ಪು ಒಪ್ಪಿಕೊಂಡು ತಪ್ಪಾಯ್ತು ಅಂತ ಕೇಳಿಕೊಂಡ.

ಡಾಕ್ಟರಮ್ಮ ಒಬ್ಬೊಬ್ಬರನ್ನೇ ಕೂರಿಸಿ ನೋಡಿದರು. ಬೇಕರಿಯವನಿಗೆ ನೂರ ಇಪ್ಪತ್ತನಾಲ್ಕು. ಮೆಕ್ಯಾನಿಕ್‌ಗೆ ನೂರ ಇಪ್ಪತ್ತಾರು. ಅಕ್ಕ ತಮ್ಮ ಇಬ್ಬರಿಗೂ ನೂರ ಹದಿನೆಂಟು. ಟೈಲರನ ಸರದಿಗೆ ಮೊದಲು ಡಾಕ್ಟರಮ್ಮ ಅವನ ಮನೆಯ ಯಂತ್ರ ತರಿಸಿ ಪಟ್ಟಿಯನ್ನು ತಿರುಗಿಸಿ ನೋಡಿದರು.

"ಇದನ್ನ ಹಿಡಿದು ಹೊಲಿದೋರು ಯಾರು? ಚಿಕ್ಕ ಪಟ್ಟೀನ ದಪ್ಪ ತೋಳಿಗೆ ಸುತ್ತಿದ್ರೆ ಇಲ್ಲದ ಬಿ.ಪಿ. ತೋರಿಸುತ್ತೆ."

ಎಂಟು ಕಣ್ಣು ಒಟ್ಟಿಗೆ ಟೈಲರನ ಕಡೆ ತಿರುಗಿದವು.

"ಅಯ್ಯೋ ಪಾಪಿ! ಬೀದಿ ಜನರ ಹತ್ರ ಎಲ್ಲ ತಪ್ಪಾಯ್ತು ಅಂತ ಕೇಳ್ಕೊಂಡ್ನಲ್ಲೋ! ಯಾರ್ಯಾರಿಗೆ ಏನೇನು ಒಪ್ಪಿಕೊಂಡೆನೋ!" ಎಂದು ಬೇಕರಿಯವನು ಕಿರುಚಿದ.

ಟೈಲರನಿಗೆ ಆ ಬೈಗುಳ ಹೂಮಳೆಯಂತಿತ್ತು. ಬಾಯಿ ಕಿವಿಯವರೆಗೆ ಹೋಯಿತು. "ಹಂಗಾದ್ರೆ ನಂದೂ ಸುಳ್ಳು! ನನ್ನ ಕೈ ಸೇಫು! ನೋಡಿ ಡಾಕ್ಟ್ರಮ್ಮ, ನೋಡಿ!" ಎಂದು ಪ್ರಶಸ್ತಿ ತೆಗೆದುಕೊಳ್ಳುವವನಂತೆ ತೋಳು ಒಡ್ಡಿದ.

ಡಾಕ್ಟರಮ್ಮ ಬೀರುವಿನಿಂದ ಸಣ್ಣ ಪಟ್ಟಿ ತೆಗೆದು ಸುತ್ತಿದರು. ನೂರ ಎಪ್ಪತ್ತೆರಡು. ಸ್ವಲ್ಪ ಹೊತ್ತು ಮಾತಾಡದೆ ಕೂರಿಸಿ, ಇನ್ನೊಂದು ತೋಳಿಗೆ ಸುತ್ತಿದರು. ನೂರ ಎಪ್ಪತ್ತು.

"ಆ ಪಟ್ಟಿ ಯಾರ ಅಳತೆಗೆ ಹೊಲಿದ್ರಿ?"

"ನಂದೇ..."

"ಅದಕ್ಕೇ. ಉಳಿದವರಿಗೆ ಅದು ಬಿಗಿ, ನಿಮಗೆ ಮಾತ್ರ ಸರಿಯಾದ ಅಳತೆ. ಇವತ್ತು ಅದು ನಿಜ ಹೇಳಿದ್ದು ನಿಮಗೊಬ್ಬರಿಗೇ. ವಾರದಿಂದ ನಿಮ್ಮ ತೋಳಿಗೆ ದೊಡ್ಡದಾಗಿದ್ದ ಪಟ್ಟಿ ಕಮ್ಮಿ ತೋರಿಸಿತು ಅಂದ್ರಲ್ಲ, ಅದು ಸುಳ್ಳು."

ಟೈಲರ್ ಚಾಚಿದ್ದ ತೋಳನ್ನು ಮೆಲ್ಲಗೆ ಎದೆಗೆ ಎಳೆದುಕೊಂಡ.

"ಹೆದರ್ಬೇಡಿ. ದಿನಾ ಮಾತ್ರೆ ತಗೊಳ್ಳಿ, ಉಪ್ಪು ಕಮ್ಮಿ ಮಾಡಿ, ಬೀಡಿ ಬಿಡಿ. ಕೈ ಉಳಿಯುತ್ತೆ. ಸದ್ಯಕ್ಕೆ ನಾಲ್ಕು ದಿನ ತಲೆಗೆ ಏನೂ ಹಚ್ಕೋಬೇಡಿ, ಆರಾಮಾಗಿರಿ."

ಹೊರಗೆ ಮೆಟ್ಟಿಲ ಮೇಲೆ ಬೇಕರಿಯವನ ಸಿಟ್ಟು ಕರಗಿಹೋಗಿತ್ತು. ಟೈಲರನ ಬಲಗೈಯನ್ನು ಎರಡೂ ಕೈಯಲ್ಲಿ ಮೃದುವಾಗಿ ಹಿಡಿದುಕೊಂಡ.

"ಅಣ್ಣಾ, ತಪ್ಪು ತಿಳ್ಕೋಬೇಡ. ಮಕ್ಕಳ ಬಟ್ಟೆ ಹೊಲಿಸೋದಿತ್ತು. ಅವಸರ ಏನಿಲ್ಲ. ಆದ್ರೂ... ಕೈ ಚೆನ್ನಾಗಿರುವಾಗ್ಲೇ, ಇವತ್ತೇ ತಂದುಕೊಡ್ಲಾ?"

"ನಂದು ಆರು ಅಂಗಿ," ಎಂದ ಮೆಕ್ಯಾನಿಕ್. "ಸಾಯಂಕಾಲಕ್ಕೆ ಆಗುತ್ತಲ್ವಾ?"

ಭಾಮೈದ ಗಂಟಲು ಸರಿಮಾಡಿಕೊಂಡ. "ಭಾವ, ನನ್ನ ಮದುವೆ ಸೂಟು..."

"ನಿಂಗೆ ಹುಡುಗೀನೇ ಇಲ್ವಲ್ಲೋ!"

"ಹುಡುಗಿ ಆಮೇಲೂ ಸಿಗ್ತಾಳೆ ಭಾವ."

ಟೈಲರ್ ಕಣ್ಣಲ್ಲಿ ನೀರು ತುಂಬಿಕೊಂಡು ಹೆಂಡತಿಯತ್ತ ತಿರುಗಿದ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಅವನ ಮುಂದೆ ಗೋಡೆಯಂತೆ ನಿಂತಳು.

"ನಿಮಗೆಲ್ಲ ಸ್ವಲ್ಪಾನೂ ಮನುಷ್ಯತ್ವ ಇಲ್ವಾ?" ಎಂದು ಗದರಿದಳು. "ಮೊದಲು ನನ್ನ ಬ್ಲೌಸು!"